ಬಾಗಿದ ಕಿರುಬೆರಳು

ಮನೆಯಿಂದ,
ಭಾನುವಾರ ಬೆಳಿಗ್ಗೆ, ಹನ್ನೊಂದನೇ ತಾರೀಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಕುರ್ಚಿ ಬದಲಾಯಿಸು ಎಂದು ಎಷ್ಟು ಬಡಿದುಕೊಂಡರೂ ನೀನು ಕೇಳುವವನಲ್ಲ. ನಮ್ಮ ಕಾರ್ಖಾನೆಯ ಹೊಸ ವಿಮಾನಕ್ಕೆ ನೀನು ಕಂಪ್ಯೂಟರಿನಲ್ಲಿ ಕಟ್ಟಿದ ಮಾಡೆಲ್ಲನ್ನು ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಪಾಠಕ್ಕೆ ಇಟ್ಟಿದ್ದಾರಂತೆ. ವಿದ್ಯಾರ್ಥಿಗಳು ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು, ಬಟ್ಟೆಗೆ ಒಂದು ಹನಿ ಎಣ್ಣೆ ತಾಗದಂತೆ ರೆಕ್ಕೆ ಜೋಡಿಸುವುದನ್ನು ಕಲಿಯುತ್ತಾರಂತೆ. ಆ ಸುದ್ದಿಯನ್ನು ಅಮ್ಮನ ಫೋಟೋದ ಮುಂದೆ ನಿಂತು ಜೋರಾಗಿ ಓದಿದ್ದೆ. ನನಗೇ ಎರಡು ಕೊಂಬು ಮೂಡಿದ್ದವು ಅನ್ನು.

ಈಗ ಇಲ್ಲಿಯ ಸುದ್ದಿ. ಕಾರ್ಖಾನೆಯಲ್ಲಿ ನನ್ನ ಜೊತೆ ರೆಕ್ಕೆಯ ವಿಭಾಗದಲ್ಲಿರುವ ಉದ್ದಣ್ಣ ನಿನಗೆ ನೆನಪಿರಬೇಕು. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸುತ್ತಾ, "ನಿಮ್ಮನೆಗೆ ಬಂದ್ರೆ ವಿನಯ ತಾನಾಗೇ ಬರುತ್ತೆ" ಎನ್ನುತ್ತಿದ್ದ ಪುಣ್ಯಾತ್ಮ. ರೆಕ್ಕೆಯೊಳಗೆ, ಇಂಧನ ಟ್ಯಾಂಕಿನ ಮೂಲೆಯಲ್ಲಿ ಒಂದು ನಟ್ ಇದೆ. ಹೊಸ ವಿಮಾನ ಶುರುವಾದಾಗಿನಿಂದ ಅದನ್ನು ಬಿಗಿಯುವುದು ನನ್ನದೇ ಕೆಲಸ. ನನ್ನ ಕೈ ಚಿಕ್ಕದು, ಎಲ್ಲಿ ಬೇಕಾದರೂ ನುಸುಳುತ್ತದೆ. ಹೋದ ತಿಂಗಳು ನಾನು ರಜೆಯಲ್ಲಿದ್ದಾಗ ಅವನನ್ನು ಕಳಿಸಿದರು. "ನನ್ ಕೈ ಹೋಗಲ್ಲ ಸಾರ್" ಅಂದನಂತೆ. "ಮಾಡೆಲ್‌ನಲ್ಲಿ ಹೋಗುತ್ತಲ್ಲ, ನಿನ್ ಕೈಗೇನು ರೋಗ?" ಅಂದನಂತೆ ಮೇಲ್ವಿಚಾರಕ. ಕೈ ಹೋಯಿತು, ಹೊರಗೆ ಬರಲಿಲ್ಲ. ಎಳೆದಾಗ ತಗಡಿನ ಅಂಚು ಮಣಿಕಟ್ಟಿನ ನರವನ್ನೇ ಕತ್ತರಿಸಿತು. ಮೂರು ಬೆರಳಿಗೆ ಸ್ಪರ್ಶವಿಲ್ಲ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡುತ್ತಾಳೆ. ಇಷ್ಟಾದ ಮೇಲೂ ಕಂಪನಿ ಅದನ್ನು ಅವನದೇ ಅಜಾಗರೂಕತೆ ಎನ್ನುತ್ತಿದೆ. ಕೆಲಸದಿಂದ ತೆಗೆಯುವ ಮಾತು ನಡೆದಿದೆ.

ಗುರುವಾರ ವಿಚಾರಣೆಗೆ ನನ್ನನ್ನೂ ಸಾಕ್ಷಿಯಾಗಿ ಕರೆದರು. ನಿನ್ನ ವರದಿ ಓದಿದರು: "ಎಲ್ಲ ಅಳತೆಯ ಕೈಗಳಿಂದ ಪರೀಕ್ಷಿಸಲಾಗಿದೆ." ಕೆಳಗೆ ನಿನ್ನ ಸಹಿ. ಆಮೇಲೆ ನನಗೂ ಕನ್ನಡಕ ಹಾಕಿಸಿ ತೋರಿಸಿದರು. ಅದೇ ರೆಕ್ಕೆ, ಅದೇ ಮೂಲೆ. ಒಂದು ಕೈ ಬಂದು, ನೀರು ಕುಡಿದಷ್ಟು ಸುಲಭವಾಗಿ ನಟ್ ಬಿಗಿದು ಹೊರಗೆ ಬಂತು. ಅದರ ಕಿರುಬೆರಳು ಒಳಕ್ಕೆ ಬಾಗಿತ್ತು ತಮ್ಮಾ. ಆರು ವರ್ಷದವನಿದ್ದಾಗ ಬಾಗಿಲು ದಬ್ಬಿ ನನ್ನ ಆ ಬೆರಳನ್ನು ಜಜ್ಜಿದವನು ನೀನೇ. ಆ ಸಲ ರಜೆಗೆ ಬಂದಾಗ ಊಟದ ಮೇಜಿನ ಹತ್ತಿರ ಕೂರಿಸಿ, ಕೈಯ ಚಲನೆಯನ್ನು ಕಂಪ್ಯೂಟರಿಗೆ ಕಳಿಸುವ ತಂತಿಗಳ ಕೈಗವಸು ತೊಡಿಸಿ, "ಅಕ್ಕಾ, ನಿನ್ನಷ್ಟು ಚೆನ್ನಾಗಿ ಯಾರ್ ಮಾಡ್ತಾರೆ? ಸುಮ್ನೆ ಒಂದ್ಸಲ" ಎಂದು ಪೂಸಿ ಹೊಡೆದೆಯಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಏಳದೆ ನಾನು ಉಬ್ಬಿ ಕೂತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದೇ ಒಂದು ಕೈ, ಅದೂ ಮನೆಯದು; ಅದನ್ನು ಎಲ್ಲರ ಕೈ ಎಂದು ಬರೆದುಕೊಟ್ಟೆ. ಇನ್ನು ನಾಲ್ಕು ಜನರ ಕೈ ಅಳೆಯಲು ನಿನಗೆ ಅಷ್ಟೊಂದು ಬೇಸರವೇ? ಉದ್ದಣ್ಣ ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಷ್ಟು ಸಿಟ್ಟಿನಲ್ಲೂ ನಿನಗೆ ಒಳ್ಳೆಯದಾಗಲಿ ಎಂದೇ ಬಾಯಿಗೆ ಬರುತ್ತದೆ, ಏನು ಮಾಡಲಿ.

ನಿನ್ನ
ಅಕ್ಕ

ತಾ.ಕ.: ಅವತ್ತು ಬೆರಳು ಜಜ್ಜಿದಾಗ, ಗಾಳಿಗೆ ಬಾಗಿಲು ಬಡಿಯಿತು ಎಂದು ಅಮ್ಮನಿಗೆ ಸುಳ್ಳು ಹೇಳಿ ನಿನ್ನನ್ನು ಏಟಿನಿಂದ ಉಳಿಸಿದ್ದೆ. ಗುರುವಾರ ಹಾಗೆ ಮಾಡಲಿಲ್ಲ. ಅವರ ಮೇಜಿನ ಮೇಲೆ ಕೈ ಚಾಚಿ, ಮಾಡೆಲ್‌ನೊಳಗಿರುವುದು ಇದೊಂದೇ ಕೈ ಎಂದು ತೋರಿಸಿ, ಬರೆದುಕೊಟ್ಟು ಬಂದಿದ್ದೇನೆ. ಈ ಕಾಗದಕ್ಕಿಂತ ಮೊದಲು ಅವರ ಫೋನು ಬರಬಹುದು. ಗಾಳಿಯ ಮೇಲೆ ಹಾಕಬೇಡ.