ಹಳೆಯ ಗಾಯದ ಕಲೆ

ಅಕ್ಕನಿಗೆ ತಮ್ಮನ ನಮಸ್ಕಾರ.

ಫೋನಿನಲ್ಲಿ ಹೇಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವಳು ಮತ್ತೆ ಬಸುರಿಯಾದ ಸುದ್ದಿ ನಿನಗೆ ಗೊತ್ತೇ ಇದೆ. ಏಳನೇ ವಾರ ಸ್ವಲ್ಪ ರಕ್ತ ಕಾಣಿಸಿತು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಆಮೇಲೆ, "ಮೊದಲನೇ ಹೆರಿಗೆ ಸಿಸೇರಿಯನ್ ಆಗಿತ್ತಲ್ಲ, ಆ ಗಾಯದ ಕಲೆಯೊಳಗೇ ಬಸಿರು ಕೂತಿದೆ. ಬೀಜ ಹೊಲದಲ್ಲಿ ಬೀಳದೆ ಬದುವಿನ ಮೇಲೆ ಬಿದ್ದ ಹಾಗೆ. ತೀರಾ ಅಪರೂಪ. ಬೆಳೆಯೋಕೆ ಬಿಟ್ರೆ ಗರ್ಭಕೋಶ ಒಡೆದು ತಾಯಿ ಜೀವಕ್ಕೇ ಕುತ್ತು," ಎಂದರು.

"ಎದೆಬಡಿತ ಇದೆಯಲ್ಲ ಮೇಡಂ, ಇನ್ನಷ್ಟು ದಿನ ಕಾದ್ರೆ ಸರಿಯಾದ ಜಾಗಕ್ಕೆ ಬರಲ್ವಾ?" ಎಂದು ಇವಳು ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿದರು.

ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಬಸಿರು ಬೆಳೆಯದಂತೆ ಸೂಜಿಮದ್ದು ಕೊಟ್ಟರು. ನಾಲ್ಕನೇ ದಿನ ಮತ್ತೆ ನೋಡಿ, "ಬಡಿತ ನಿಂತಿದೆ, ಸದ್ಯ ಒಳ್ಳೇದಾಯ್ತು," ಎಂದರು. ನಾವು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆವು.

ವಾರವಾರ ರಕ್ತ ಪರೀಕ್ಷೆ ಇದೆ, ರಕ್ತಸ್ರಾವದ ಭಯ ಇನ್ನೂ ಹೋಗಿಲ್ಲ. ಇವಳು ಭಾರ ಎತ್ತಬಾರದಂತೆ. ಪುಟ್ಟಿಯೋ ಎತ್ತಿಕೋ ಎಂದು ಹಟ ಹಿಡಿಯುತ್ತಾಳೆ. ಗ್ಯಾರೇಜಿನಲ್ಲಿ ನನ್ನ ರಜೆ ಮುಗಿಯಿತು. ನೀನು ಒಂದು ತಿಂಗಳ ಮಟ್ಟಿಗೆ ಬಂದು ಇರಬೇಕು, ನನಗೆ ಬೇರೇನೂ ತೋಚುತ್ತಿಲ್ಲ.

ಬಂದಾಗ ಒಂದು ಮಾತು ಮಾತ್ರ ಆಡಬೇಡ. "ನಿನ್ನ ಜೀವ ಉಳೀತಲ್ಲ, ಅಷ್ಟು ಸಾಕು," ಎಂದು ನಾನು ಅಂದುಬಿಟ್ಟೆ. ಮೂರು ದಿನವಾಯಿತು. ಹೊತ್ತು ಹೊತ್ತಿಗೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ
ತಮ್ಮ