ಬಿಳಿ ಚಿಲುಮೆಯ ಮೂರು ತಂಬಿಗೆ ನೀರು

ಅವ್ವಾ,

ಇವತ್ತು ನಮ್ಮ ದೊಡ್ಡ ಗುಡಿ ಲಾಲಿಶ್‌ಗೆ ಹೋಗಿದ್ದೆ. ನೀನು ಕಲಿಸಿದ ಹಾಗೆ ಬರಿಗಾಲಲ್ಲಿ, ಹೊಸ್ತಿಲು ತುಳಿಯದೆ ಒಳಗೆ ಹೋದೆ. ಊರಿಗೆ ನುಗ್ಗಿ ಹೊತ್ತೊಯ್ದ ಕಪ್ಪು ಬಾವುಟದವರ ಸೆರೆಯಿಂದ ಬಂದ ನಮ್ಮಂಥ ಯಜೀದಿ ಹೆಣ್ಣುಮಕ್ಕಳಿಗೆ ಅಲ್ಲಿ ಬಿಳಿ ಚಿಲುಮೆಯ ನೀರು ಹಾಕಿ ಮತ್ತೆ ನಮ್ಮ ಧರ್ಮಕ್ಕೆ ಸೇರಿಸಿಕೊಳ್ಳುತ್ತಾರೆ.

ನೀರು ಹಾಕುವ ಖೋಖೆ ಅಜ್ಜಿ ಎತ್ತಿದ ತಂಬಿಗೆಯನ್ನು ಹಾಗೇ ಹಿಡಿದು ನಿಂತಳು. "ನಿಂಗೆ ಮನಸ್ಸಿದ್ಯೇನೇ? ಯಾರಾದ್ರೂ ಎಳ್ಕೊಂಡು ಬಂದ್ರಾ? ಇವತ್ತು ಬೇಡ ಅಂದ್ರೆ ನಾಳೆ ಬಾ. ಈ ನೀರು ಬತ್ತಲ್ಲ, ನಾನೇ ಬತ್ತೋಗ್ತೀನೇನೋ."

ನನ್ನ ಮನಸ್ಸೇನೆಂದು ಯಾರಾದರೂ ಕೇಳಿ ಎಂಟು ವರ್ಷವಾಗಿತ್ತು. "ಹಾಕಜ್ಜಿ" ಅಂದೆ.

ತಣ್ಣೀರು ನೆತ್ತಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿಯೇ, ತಮ್ಮ ಮತಕ್ಕೆ ಸೇರಿಸಲು ಆ ಬಾವುಟದವರು ಹೇಳಿಸಿದ್ದ ಮಾತನ್ನೇ ಹೇಳಿಬಿಟ್ಟಿತು. ನಾಚಿಕೆಯಿಂದ ಕುಸಿದು ಕೂತೆ.

"ಬಂದೂಕ ಹಿಡ್ದು ಹೇಳ್ಸಿದ್ದು ನಿನ್ ಮಾತಲ್ಲ ಮಗಾ, ನೀರಲ್ಲಿ ಹರ್ಕೊಂಡು ಹೋಗ್ಲಿ ಬಿಡು" ಎಂದು ಅಜ್ಜಿ ಇನ್ನೆರಡು ತಂಬಿಗೆ ಸುರಿದಳು.

ಈಗ ಬಿಸಿಲಲ್ಲಿ ಕೂದಲು ಒಣಗಿಸುತ್ತ ಕೂತಿದ್ದೇನೆ. ಅಂದು ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ ಶಾಲೆಯ ಅಂಗಳದಲ್ಲಿ "ಹೇಳೇ, ಹೇಳ್ಬಿಡೇ" ಎಂದು ನನ್ನ ಸೊಂಟ ಚಿವುಟಿದವಳು ನೀನು. ನಾನು ಹೇಳಿದೆ. ನಿನ್ನ ಸರದಿ ಬಂದಾಗ ನೀನು ತುಟಿ ಬಿಚ್ಚಲಿಲ್ಲ; ಗುಂಡು ಹಾರಿತು.

ನಾನೂ ಚಿವುಟಬೇಕಿತ್ತು ಅವ್ವಾ. ನನ್ನ ಕೈ ನಿನ್ನ ಸೊಂಟದ ಹತ್ತಿರವೇ ಇತ್ತು.