ಒಂದೇ ಎಳೆತದ ಹೊಲಿಗೆ

ಅಂಗಡಿಯ ಮೇಲಿನ ಮನೆ
ಹನ್ನೆರಡನೆಯ ತಾರೀಖು, ಬೆಳಗ್ಗೆ

ನನ್ನ ಪ್ರೀತಿಯ ಕಡ್ಡಿಗೆ,

ಈ ಬೀದಿಯಲ್ಲಿ ನಲವತ್ತೊಂದು ವರ್ಷದಿಂದ ಕತ್ತರಿ ಹಿಡಿದವಳು, ಆರು ಹೊಲಿಗೆ ಯಂತ್ರಗಳ ಒಡತಿ, ಹೈಸ್ಕೂಲು ಮುಗಿಸಿದವಳು, ಯಾರ ಮುಂದೆಯೂ ತಲೆ ತಗ್ಗಿಸದ ನಿನ್ನ ಅಜ್ಜಿ ಬರೆಯುವುದು. ನಿನ್ನ ಕೆಮ್ಮು ಹೇಗಿದೆ? ಹೊಸ ಊರಿನ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಮೊದಲೇ ಕಡ್ಡಿ, ಇನ್ನೂ ಸೊರಗಿದರೆ ನಿನ್ನ ಅಂಗಿ ನಿನ್ನ ಮೈಮೇಲಿಗಿಂತ ಹ್ಯಾಂಗರಿನಲ್ಲೇ ಚೆನ್ನಾಗಿ ಕಾಣುತ್ತದೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿನ್ನೆಯಿಂದ ಅದರ ಕಡೆ ಗಮನವಿಲ್ಲ, ಅಷ್ಟೆ.

ನೀನು ಊರು ಬಿಡುವಾಗ ವಾರ್ತೆ ಓದುವಾಗ ತೊಡುವ ಕೋಟನ್ನು ನನ್ನ ಮೇಜಿನ ಮೇಲೆ ಎಸೆದು ಹೋದೆ. ಚಾನೆಲ್ಲಿನ ಕೆಲಸ ಯಾಕೆ ಬಿಟ್ಟೆಯೋ ಎಂದರೆ "ಬೇಜಾರಾಯ್ತಜ್ಜಿ" ಎಂದೆ. ದರ್ಜಿಯಾದವಳು ಬಂದ ಬಟ್ಟೆಯ ಜೇಬು ನೋಡದೆ ಬಿಡುತ್ತಾಳೆಯೇ? ಒಳಜೇಬಿನಲ್ಲಿ ನಿಮ್ಮ ಚಾನೆಲ್ಲಿನ ನಿರ್ದೇಶಕ ವಾರ್ತಾ ವಿಭಾಗಕ್ಕೆ ಬರೆದ ಚೀಟಿ ಸಿಕ್ಕಿತು. ಕಚೇರಿಯ ಔತಣಕ್ಕೆ ನೀನು ನಿನ್ನ ಗೆಳೆಯನ ಕೈ ಹಿಡಿದು ಹೋದೆಯಲ್ಲ, ಅದರ ಮರುದಿನದ ತಾರೀಖು. ಎರಡೇ ಸಾಲು. "ಇವನು ಎಂಥವನೆಂದು ಎಲ್ಲರಿಗೂ ತಿಳಿದಿದೆ. ಮನೆಮಂದಿ ನೋಡುವ ಹೊತ್ತಿಗೆ ಈ ಮುಖ ಬೇಡ." ಕೆಳಗೆ ಬಾಲ ಎಳೆದ ಸಹಿ. ಚೀಟಿಯನ್ನು ಸೂಜಿ ಡಬ್ಬಿಯಲ್ಲಿಟ್ಟು ಎಂಟು ತಿಂಗಳು ಸುಮ್ಮನಿದ್ದೆ.

ಕಳೆದ ತಿಂಗಳು ಅದೇ ಮನುಷ್ಯ ಅಂಗಡಿಗೆ ಬಂದ, ಚಾನೆಲ್ಲಿನ ನಿರ್ದೇಶಕನೆಂದು ತಾನೇ ಹೇಳಿಕೊಂಡ. ನಾನು ನಿನ್ನ ಅಜ್ಜಿಯೆಂದು ಅವನಿಗೆ ತಿಳಿಯದು. ಹೊಲಿಯುವವರ ಮುಖವನ್ನು ಅಂಥವರು ಯಾವಾಗ ನೋಡಿದ್ದಾರೆ? "ಅಮ್ಮಾ, ನಿಮ್ಮಂಥ ಹಳೇ ಕಾಲದವ್ರಿಗೆ ಅರ್ಥ ಆಗೋದು ಕಷ್ಟ. ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಪ್ರೀತಿಸೋರ ಪರವಾಗಿ ನಮ್ಮ ಚಾನೆಲ್ಲು ಹೋರಾಟಕ್ಕೆ ಇಳಿದಿದೆ" ಎಂದ. "ಹೋರಾಟಕ್ಕೆ ಎಷ್ಟು ಗಜ ಬೇಕು ಸಾಹೇಬ್ರೇ?" ಎಂದೆ. ಕಟ್ಟಡದ ನೆತ್ತಿಯಿಂದ ಎರಡನೇ ಮಹಡಿಯವರೆಗೆ ಇಳಿಯುವ ಕಾಮನಬಿಲ್ಲಿನ ಬಣ್ಣಗಳ ಬಟ್ಟೆ ಬೇಕಂತೆ, ಅದೇ ಈ ಹೋರಾಟದ ಬಾವುಟವಂತೆ. ಕೆಳಗೆ ನಿಂತು ತಾನು ದಾರ ಎಳೆಯಬೇಕು, ಒಂದೇ ಎಳೆತಕ್ಕೆ ಅದು ಬಿಚ್ಚಿಕೊಳ್ಳಬೇಕು, ನೇರಪ್ರಸಾರದಲ್ಲಿ. ಒಪ್ಪಿಕೊಂಡೆ. ನಗುತ್ತಲೇ ಒಪ್ಪಿಕೊಂಡೆ.

ನಮ್ಮ ಕಟಿಂಗ್ ಮಾಸ್ತರರಿಗೆ ಚೀಟಿ ತೋರಿಸಿ, ಈ ಬಣ್ಣವನ್ನೆಲ್ಲ ಚಿಂದಿ ಮಾಡಿ ಕೊಡೋಣ ಎಂದಿದ್ದೆ. ಅವರು ಕತ್ತರಿ ಕೆಳಗಿಟ್ಟರು. "ಬೇಡಿ ಅಮ್ಮಾ. ಇವ್ರ ಚಾನೆಲ್ಲಲ್ಲಿ ಈ ಹೋರಾಟದ ಜಾಹೀರಾತು ನೋಡಿದ್ಮೇಲೇ ನನ್ನ ಮಗಳು ತಾನೂ ಒಬ್ಬ ಹುಡುಗೀನ ಪ್ರೀತಿಸ್ತೀನಿ ಅಂತ ಧೈರ್ಯವಾಗಿ ನನ್ನ ಹತ್ರ ಬಾಯಿಬಿಟ್ಟಿದ್ದು" ಎಂದರು. ಮೂರು ದಿನ ಅದನ್ನೇ ಯೋಚಿಸಿದೆ. ಆ ಹುಡುಗಿಯ ಧೈರ್ಯ ನಿಜ. ಆದರೆ ಬೀದಿಗೆ ಬಣ್ಣ ತೋರಿಸಿ, ಒಳಗೆ ನನ್ನ ಮೊಮ್ಮಗನನ್ನು ಹೊರದಬ್ಬಿದವನದು ಹೋರಾಟವಲ್ಲ, ಅಂಗಡಿ ಬೋರ್ಡು. ಅದಕ್ಕೇ ಬಣ್ಣದ ಬಟ್ಟೆಗೆ ಒಂದು ಸುಕ್ಕೂ ಬಾರದಂತೆ ಹೊಲಿದೆ. ಸೇಡನ್ನು ಅಂಚಿನಲ್ಲಿಟ್ಟೆ.

ಸಿಮೆಂಟು ಚೀಲದ ಬಾಯಿಗೆ ಹಾಕುವ ಸರಪಳಿ ಹೊಲಿಗೆ ನಿನಗೆ ಗೊತ್ತು. ಸರಿಯಾದ ತುದಿ ಹಿಡಿದು ಎಳೆದರೆ ಉದ್ದಕ್ಕೂ ಸರಸರನೆ ಬಿಚ್ಚುತ್ತದೆ. ಚಿಕ್ಕವನಿದ್ದಾಗ ಎಷ್ಟು ಚೀಲ ಹಾಳು ಮಾಡಿ ಬೈಸಿಕೊಂಡಿಲ್ಲ! ಸುರುಳಿ ಕಟ್ಟಿದ ಬಟ್ಟೆಗೆ ಅದೇ ಹೊಲಿಗೆ ಹಾಕಿ, ಅದೇ ದಾರವನ್ನು ಕೆಳಗಿನ ಅಂಚಿನ ಮಡಿಕೆಗೂ ಹಾಯಿಸಿದೆ.

ನಿನ್ನೆ ಸಂಜೆ ಅವನು ಭಾಷಣ ಮುಗಿಸಿ ದಾರ ಎಳೆದ. ಬಣ್ಣ ಇಳಿಯಿತು, ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಉಬ್ಬಿ, ನಿಲ್ಲಿಸದೆ ಎಳೆಯುತ್ತಲೇ ಹೋದ. ಅಂಚು ಬಿಚ್ಚಿ, ಅದರೊಳಗಿಂದ ಒಂದು ಬಿಳಿ ಬಟ್ಟೆ ಜಾರಿ ಅವನ ತಲೆಯ ಮೇಲ್ಗಡೆ ತೂಗಿ ನಿಂತಿತು. ಅದರಲ್ಲಿ ಅವನದೇ ಎರಡು ಸಾಲು, ಒಂದೊಂದು ಅಕ್ಷರವೂ ಮೊಳದುದ್ದ. ಸಹಿಯ ಬಾಲವನ್ನೂ ಬಿಡದೆ ಕಪ್ಪು ದಾರದಲ್ಲಿ ನಾನೇ ಹೊಲಿದಿದ್ದೆ. ನಿನ್ನ ಹೆಸರು ಎಲ್ಲೂ ಇಲ್ಲ, ಹೆದರಬೇಡ. ಬಟ್ಟೆಯಿಂದ ಕಣ್ಣು ತೆಗೆಯಬಾರದೆಂದು ಕ್ಯಾಮೆರಾದವರಿಗೆ ಅವನೇ ಅಪ್ಪಣೆ ಕೊಟ್ಟಿದ್ದನಂತೆ. ಪಾಪ, ಅವರು ತೆಗೆಯಲಿಲ್ಲ. ನಿರ್ದೇಶಕನ ದಾರ ಕೈಯಲ್ಲೇ ಇತ್ತು, ಬಾಯಿ ತೆರೆದೇ ಇತ್ತು. ಹತ್ತಿರ ಹೋಗಿ, "ಒಂದೇ ಎಳೆತಕ್ಕೆ ಬಂತಾ ಸಾಹೇಬ್ರೇ?" ಎಂದು ಕೇಳಿ ಮನೆಗೆ ಬಂದೆ. ಅವನಿಗೆ ಅಯ್ಯೋ ಎನ್ನಲು ನನ್ನಲ್ಲಿ ಏನೂ ಉಳಿದಿಲ್ಲ.

ನೂರು ಕಾಲ ಚೆನ್ನಾಗಿರು, ತಲೆ ಎತ್ತಿ ನಡೆ.

ನಿನ್ನ ಅಜ್ಜಿ

ಮರೆತಿದ್ದೆ: ನೀನು ಮೊದಲ ಸಲ ಹೇಳಿಕೊಂಡಾಗ ನಾನೂ "ಮನೆ ಮಾತು ಮನೇಲೇ ಇರ್ಲಿ" ಎಂದವಳೇ. ಆ ಚೀಟಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ನೀನು ಕಳಿಸಿದ್ದ ನಿಮ್ಮಿಬ್ಬರ ಫೋಟೋವನ್ನು ಡ್ರಾಯರಿನಿಂದ ತೆಗೆದು ಅಂಗಡಿಯಲ್ಲಿ ನನ್ನ ಕುರ್ಚಿಯ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ. ಕೇಳಿದವರಿಗೆಲ್ಲ ನನ್ನ ಮೊಮ್ಮಗ, ಅವನ ಸಂಗಾತಿ ಎನ್ನುತ್ತೇನೆ. ಫೋಟೋ ನೋಡಿಯೇ ಅಳತೆ ಹಾಕಿ ಅವನಿಗೊಂದು ಕೋಟು ಹೊಲಿದು ಮುಗಿಸಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ತೋಳು ಉದ್ದವೋ ಗಿಡ್ಡವೋ, ಅವನೇ ಬಂದು ತೊಟ್ಟು ತೋರಿಸಲಿ.